ವೈಪರ್ ಕೈಕೊಟ್ಟರೆ: ಗಾಜಿನಿಂದ ಮೋಟಾರಿನವರೆಗೆ ದೋಷ ಹುಡುಕುವ ಕ್ರಮ

ಮುಂಗಾರು ಶುರುವಾಗುತ್ತಿದ್ದಂತೆ ಬಿಡಿಭಾಗದ ಅಂಗಡಿಗಳಲ್ಲಿ ವೈಪರ್ ಬ್ಲೇಡಿನ ವ್ಯಾಪಾರ ಜೋರಾಗುತ್ತದೆ. ಮೊದಲ ಮಳೆಗೆ ಗಾಜು ಮಸುಕಾಯಿತೆಂದರೆ ಸಾಕು, ಹೊಸ ಬ್ಲೇಡ್ ಹಾಕಿಸಿಬಿಡುತ್ತಾರೆ. ವಾರ ಕಳೆಯುವುದರೊಳಗೆ ಮತ್ತೆ ಅದೇ ಗೆರೆ, ಅದೇ ಕಿರ್ ಸದ್ದು. ಬ್ಲೇಡ್ ಬದಲಾಗಿರುತ್ತದೆ, ಕಾರಣ ಇದ್ದಲ್ಲೇ ಇರುತ್ತದೆ. ಗಾಜು, ರಬ್ಬರ್, ಬ್ಲೇಡ್, ಬ್ಲೇಡನ್ನು ಹಿಡಿದ ಆರ್ಮ್, ಆರ್ಮ್ ಕೂರುವ ಸ್ಪಿಂಡಲ್ ಎಂಬ ಅಕ್ಷ, ಅದನ್ನು ಮೋಟಾರಿಗೆ ಕೂಡಿಸುವ ಸರಳುಗಳ ಲಿಂಕೇಜ್, ಮೋಟಾರ್, ಸ್ವಿಚ್ ಇಷ್ಟೂ ಕೂಡಿದರೆ ಮಾತ್ರ ವೈಪರ್. ದೋಷವನ್ನು ಗಾಜಿನಿಂದ ಶುರುಮಾಡಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಹುಡುಕಿಕೊಂಡು ಹೋಗಬೇಕು. ಗಾಜು ತೊಳೆಯಲು ಖರ್ಚಿಲ್ಲ, ರಬ್ಬರಿಗೆ ನೂರಾರು ರೂಪಾಯಿ, ಮೋಟಾರಿಗೆ ಸಾವಿರಾರು. ಈ ಬರಹದ ಕ್ರಮವೂ ಅದೇ.

ರಬ್ಬರಿನ ಅಂಚು ಮಾಡುವ ಕೆಲಸ

ಹಳೆಯ ಬ್ಲೇಡಿನ ರಬ್ಬರನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ಮೇಲೆ ಬ್ಲೇಡಿನ ಕೊಂಡಿಗಳು ಹಿಡಿಯುವ ದಪ್ಪ ತಲೆ, ನಡುವೆ ತೀರಾ ತೆಳುವಾದ ಕುತ್ತಿಗೆ, ಕೆಳಗೆ ಗಾಜಿಗೆ ತಾಗುವ ನಾಲಿಗೆ. ನಾಲಿಗೆಯ ತುದಿ ಚೂಪಲ್ಲ, ನೇರವಾಗಿ ಕೊಯ್ದು ಎರಡು ಮೂಲೆ ಬಿಟ್ಟಿರುತ್ತಾರೆ. ಆರ್ಮ್ ಒಂದು ಕಡೆಗೆ ಹೊರಟಾಗ ನಾಲಿಗೆ ಸುಮಾರು 45 ಡಿಗ್ರಿ ಹಿಂದಕ್ಕೆ ಬಾಗುತ್ತದೆ, ಒಂದು ಮೂಲೆ ಮಾತ್ರ ಗಾಜನ್ನು ಮುಟ್ಟುತ್ತದೆ. ದಿಕ್ಕು ತಿರುಗಿದಾಗ ಕುತ್ತಿಗೆ ಮಡಚಿ ನಾಲಿಗೆ ಆಚೆ ಹೊರಳುತ್ತದೆ, ಇನ್ನೊಂದು ಮೂಲೆ ಕೆಲಸಕ್ಕೆ ಇಳಿಯುತ್ತದೆ. ಎಷ್ಟೇ ಚೆನ್ನಾಗಿ ಒರೆಸಿದರೂ ಗಾಜಿನ ಮೇಲೆ ತೆಳುವಾದ ನೀರಿನ ಪೊರೆ ಉಳಿದೇ ಉಳಿಯುತ್ತದೆ. ಆ ಪೊರೆ ಸಮನಾಗಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಗಾಳಿಗೆ ಆರಿಹೋಗುತ್ತದೆ. ಏರುಪೇರಾಗಿದ್ದರೆ ಎದುರಿನ ಗಾಡಿಯ ಹೆಡ್‌ಲೈಟ್ ಅದರಲ್ಲಿ ಚದುರಿ ರಸ್ತೆಯೇ ಮಾಯವಾಗುತ್ತದೆ.

ವೈಪರ್ ನಿಧಾನ ವೇಗದಲ್ಲಿ ನಿಮಿಷಕ್ಕೆ ಸುಮಾರು 45 ಸಲ ಹೋಗಿ ಬರುತ್ತದೆ ಎಂದುಕೊಳ್ಳಿ. ಗಂಟೆಗೆ 2,700 ಸಲ, ಅಂದರೆ 5,400 ಬೀಸು. ಸ್ಪಿಂಡಲಿನಿಂದ ಬ್ಲೇಡಿನ ತುದಿಗೆ 65 ಸೆಂ.ಮೀ. ದೂರವಿದ್ದು ಪ್ರತಿ ಬೀಸಿಗೆ 90 ಡಿಗ್ರಿ ತಿರುಗಿದರೆ, ಒಂದು ಗಂಟೆಯ ಮಳೆಯಲ್ಲಿ ಆ ತುದಿಯ ರಬ್ಬರ್ ಗಾಜಿನ ಮೇಲೆ ಸುಮಾರು ಐದೂವರೆ ಕಿಲೋಮೀಟರ್ ಉಜ್ಜಿಕೊಂಡು ಬಂದಿರುತ್ತದೆ. ಇಷ್ಟು ಉಜ್ಜಾಟ ತಡೆಯಲೆಂದೇ ರಬ್ಬರಿನ ಮೇಲ್ಮೈಯನ್ನು ಕ್ಲೋರಿನ್‌ನಿಂದ ಗಟ್ಟಿಮಾಡಿ, ಅದರ ಮೇಲೆ ಗ್ರಾಫೈಟ್ ಲೇಪ ಕೊಡುವ ಪದ್ಧತಿಯಿದೆ. ಮರಳು ಕಾಗದದಲ್ಲಿ (ಸ್ಯಾಂಡ್‌ಪೇಪರ್) ಅಂಚನ್ನು ತಿಕ್ಕಿ ‘ಹೊಸದು ಮಾಡುವ’ ಉಪಾಯವನ್ನು ದಯವಿಟ್ಟು ಮಾಡಬೇಡಿ. ಮೂಲೆ ದುಂಡಗಾಗುತ್ತದೆ, ಲೇಪ ಹೋಗುತ್ತದೆ, ಒಂದೆರಡು ದಿನ ಪರವಾಗಿಲ್ಲ ಅನ್ನಿಸಿ ಆಮೇಲೆ ಮೊದಲಿಗಿಂತ ಹೆಚ್ಚು ಕಿರುಚುತ್ತದೆ. ಸೀಮೆಎಣ್ಣೆ, ಡೀಸೆಲ್ ಹಚ್ಚುವುದೂ ಅಷ್ಟೇ ಕೆಟ್ಟದ್ದು. ಎಣ್ಣೆ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ನಮ್ಮ ಕಡೆ ರಬ್ಬರ್ ಹಾಳಾಗುವುದು ಮಳೆಯಿಂದಲ್ಲ, ಬಿಸಿಲಿನಿಂದ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ದಿನವಿಡೀ ಕಾದ ಗಾಜಿನ ಮೇಲೆ ನಾಲಿಗೆ ಒಂದೇ ಕಡೆಗೆ ಬಾಗಿ ಮಲಗಿರುತ್ತದೆ. ಆ ಬಾಗೇ ಅದಕ್ಕೆ ಖಾಯಂ ಆಗಿಬಿಡುತ್ತದೆ, ಕುತ್ತಿಗೆ ಗಡುಸಾಗುತ್ತದೆ. ಜೂನ್‌ನಲ್ಲಿ ವೈಪರ್ ಹಾಕಿದಾಗ ಒಂದು ದಿಕ್ಕಿಗೆ ಚೆನ್ನಾಗಿ ಒರೆಸಿ, ಇನ್ನೊಂದು ದಿಕ್ಕಿಗೆ ತಡವರಿಸುವುದು ಇದರಿಂದಲೇ. ಒಂದೇ ಒಂದು ಮಳೆ ಕಾಣದ ಬ್ಲೇಡ್ ಕೂಡ ಬೇಸಿಗೆಯಲ್ಲಿ ಸಾಯಬಹುದು. ಆದ್ದರಿಂದ ಬ್ಲೇಡನ್ನು ಜನವರಿಯಲ್ಲಿ ಬದಲಿಸಿ ಫಲವಿಲ್ಲ, ಮೇ ಕೊನೆಯ ವಾರದಲ್ಲಿ ಬದಲಿಸಿ. ನೆರಳಿಲ್ಲದ ಕಡೆ ದಿನಗಟ್ಟಲೆ ಗಾಡಿ ನಿಲ್ಲಿಸಬೇಕಾಗಿ ಬಂದರೆ ಆರ್ಮ್ ಎತ್ತಿಡಿ.

ಮೊದಲು ಗಾಜು

ವೈಪರ್ ಆಫ್ ಇಟ್ಟು, ಗಾಜಿನ ಮೇಲೆ ಒಂದು ಚೊಂಬು ನೀರು ಸುರಿಯಿರಿ. ನೀರು ಹಾಳೆಯಂತೆ ಹರಡಿ ಇಳಿದರೆ ಗಾಜು ಶುದ್ಧವಾಗಿದೆ. ಹನಿಹನಿಯಾಗಿ ನಿಂತರೆ ಎಣ್ಣೆಯೋ ಮೇಣವೋ ಕೂತಿದೆ. ಲಾರಿ ಬಸ್ಸುಗಳ ಹಿಂದೆ ಓಡುವಾಗ ಬೀಳುವ ಡೀಸೆಲ್ ಮಸಿ, ಟೈರಿನ ಪುಡಿ, ಮೇಣ ಬೆರೆಸಿದ ಕಾರ್ ಶಾಂಪೂ, ಡ್ಯಾಶ್‌ಬೋರ್ಡಿಗೆ ಹೊಡೆಯುವ ಸಿಲಿಕೋನ್ ಪಾಲಿಷ್ ಇವೆಲ್ಲ ಸೇರಿ ಕಟ್ಟುವ ಪೊರೆ ಅದು. ಮಾವು ಹೂಬಿಡುವ ಕಾಲದಲ್ಲಿ ಮರದಡಿ ಕಾರು ನಿಲ್ಲಿಸಿದರೆ ಜಿಗಿಹುಳುಗಳು ಉದುರಿಸುವ ಸಿಹಿ ಅಂಟು ಗಾಜಿಡೀ ಹರಡುತ್ತದೆ. ಅದು ಒಣಗಿದ ಮೇಲೆ ವೈಪರ್ ಹಾಕಿದರೆ ಹೊಸ ರಬ್ಬರ್ ಕೂಡ ಕುಪ್ಪಳಿಸುತ್ತದೆ.

ತೊಳೆಯುವ ಕ್ರಮ ಹೀಗಿರಲಿ. ಗಾಜಿನ ಧೂಳನ್ನು ಮೊದಲು ಬರೀ ನೀರಿನಿಂದ ಹರಿಸಿ ತೆಗೆಯಿರಿ. ಒಣ ಬಟ್ಟೆ ಹಾಕಿದರೆ ಮರಳ ಕಣ ಗೀರುತ್ತದೆ. ಅರ್ಧ ಬಕೆಟ್ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕೈದು ಹನಿ ಬೆರೆಸಿ, ಸ್ಪಂಜಿನಲ್ಲಿ ಇಡೀ ಗಾಜನ್ನು, ಅದರಲ್ಲೂ ವೈಪರ್ ಮಲಗುವ ಕೆಳಪಟ್ಟಿಯನ್ನು ಉಜ್ಜಿ ತೊಳೆಯಿರಿ. ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ತೊಯ್ಸಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಕಪ್ಪಗಾಗುವುದು ನಿಲ್ಲುವವರೆಗೆ ಮಡಿಕೆ ಬದಲಿಸಿ ಮುಂದುವರಿಸಿ. ಅದೇ ಬಟ್ಟೆಯನ್ನು ರಬ್ಬರಿನ ಉದ್ದಕ್ಕೂ ಒಮ್ಮೆ ಎಳೆಯಿರಿ, ಅಂಚಿನಲ್ಲಿ ಕಪ್ಪು ಮಸಿ ಇಳಿಯುತ್ತದೆ. ಒಂದೇ ಸಲ ಸಾಕು. ತಿಕ್ಕುತ್ತಾ ಕೂತರೆ ಗ್ರಾಫೈಟ್ ಕೂಡ ಹೋಗುತ್ತದೆ.

ಬೋರ್‌ವೆಲ್ ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಟ್ಟ ಗಾಜಿನ ಮೇಲೆ ಬಿಳಿ ಸುಣ್ಣದ ಚುಕ್ಕೆಗಳು ಕೂರುತ್ತವೆ, ಸೋಪಿಗೆ ಬಗ್ಗುವುದಿಲ್ಲ. ಬಿಳಿ ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ, ನೆರಳಿನಲ್ಲಿ ಎರಡು ಮೂರು ನಿಮಿಷ ಗಾಜಿನ ಮೇಲೆ ನೆನೆಸಿಟ್ಟು, ಒರೆಸಿ, ಧಾರಾಳ ನೀರಿನಲ್ಲಿ ತೊಳೆಯಿರಿ. ಬಾನೆಟ್ಟಿನ ಬಣ್ಣದ ಮೇಲೆ ನಿಲ್ಲಲು ಬಿಡಬೇಡಿ. ಉಗುರಿಗೆ ಸಿಕ್ಕುವಷ್ಟು ಆಳದ ಗೀರಿದ್ದರೆ ಪಾಲಿಷ್ ಮಾಡಿಸಬೇಡಿ. ಸೀರಿಯಂ ಆಕ್ಸೈಡ್ ಪುಡಿಯಲ್ಲಿ ತೆಗೆಯಬಹುದಾದದ್ದು ಮೇಲ್ಮೈಯ ಮಂಕು ಮಾತ್ರ. ಆಳದ ಗೀರನ್ನು ತೆಗೆಯಹೋದರೆ ಅಲ್ಲಿ ತಗ್ಗಾಗಿ ದೃಶ್ಯ ಅಲೆಯಾಡುತ್ತದೆ.

ಗೆರೆ ಏನು ಹೇಳುತ್ತದೆ

ಗಾಜು ಶುದ್ಧವಾದ ಮೇಲೂ ದೋಷ ಉಳಿದರೆ, ನೀರು ಚಿಮುಕಿಸಿ ವೈಪರ್ ಓಡಿಸಿ ಗುರುತುಗಳನ್ನು ಓದಿ. ಇಡೀ ಕೆಲಸದಲ್ಲಿ ಕಣ್ಣು ಹೆಚ್ಚು ಬೇಕಾಗುವುದು ಇಲ್ಲೇ.

ಪ್ರತಿ ಬೀಸಿನಲ್ಲೂ ಒಂದೇ ಜಾಗದಲ್ಲಿ ಕೂದಲೆಳೆಯಂಥ ಗೆರೆ ಬಂದರೆ, ರಬ್ಬರಿನ ಅಂಚಿನಲ್ಲಿ ಅದೇ ದೂರದಲ್ಲಿ ಸಣ್ಣ ಕಚ್ಚು ಇದೆ, ಇಲ್ಲವೇ ಮರಳ ಕಣ ಅಂಟಿದೆ. ಬೆರಳಾಡಿಸಿ ನೋಡಿ. ಕಣವಾದರೆ ಒರೆಸಿದರೆ ಹೋಗುತ್ತದೆ, ಕಚ್ಚಾದರೆ ರಬ್ಬರ್ ಬದಲಿಸಬೇಕು. ಎರಡು ಬೆರಳಗಲದ ಪಟ್ಟಿ ಒರೆಸದೆ ಉಳಿದರೆ ಅಲ್ಲಿ ರಬ್ಬರಿನ ಮೇಲೆ ಒತ್ತಡ ಬೀಳುತ್ತಿಲ್ಲ. ಕೊಂಡಿಗಳ ಬ್ಲೇಡಾದರೆ ಯಾವುದೋ ಕೊಂಡಿ ತುಕ್ಕು ಹಿಡಿದು ಬಿಗಿದುಕೊಂಡಿದೆ ಅಥವಾ ಬಾಗಿದೆ. ಕೊಂಡಿಗಳಿಲ್ಲದ ಫ್ಲಾಟ್ ಬ್ಲೇಡಾದರೆ ಒಳಗಿನ ಉಕ್ಕಿನ ಪಟ್ಟಿಯ ಬಾಗು ನಿಮ್ಮ ಗಾಜಿನ ಬಾಗಿಗೆ ಹೊಂದಿಲ್ಲ. ಎರಡನೆಯದು ಹೊಸ ಬ್ಲೇಡಿನಲ್ಲೂ ಕಾಣುತ್ತದೆ. ಅಳತೆ ಸರಿಯಿದ್ದರೂ ಬಾಗು ಬೇರೆ ಇರಬಹುದು, ಹಾಗಿದ್ದರೆ ಅಂಗಡಿಗೆ ವಾಪಸ್ ಕೊಟ್ಟು ಬೇರೆ ತಯಾರಿಕೆಯದು ಹಾಕಿ ನೋಡಿ.

ಬ್ಲೇಡ್ ದಾಟಿದ ಹಿಂದೆಯೇ ಮಂಜಿನಂಥ ಮಸುಕು ಬಂದು ಎರಡು ಸೆಕೆಂಡಿನಲ್ಲಿ ಆರಿದರೆ ಅದು ಎಣ್ಣೆ. ಗಾಜು ಇನ್ನೂ ಶುದ್ಧವಾಗಿಲ್ಲ, ಮೊದಲ ಹೆಜ್ಜೆಗೆ ಮರಳಿ.

ಬ್ಲೇಡ್ ಕುಪ್ಪಳಿಸಿ ಅಡ್ಡಡ್ಡ ಗೆರೆಗಳನ್ನು ಬಿಟ್ಟರೆ ಅದು ಯಾವ ದಿಕ್ಕಿನಲ್ಲಿ ಎಂದು ಗಮನಿಸಿ. ಎರಡೂ ದಿಕ್ಕಿನಲ್ಲಿ ಕುಪ್ಪಳಿಸಿದರೆ ರಬ್ಬರ್ ಗಡುಸಾಗಿದೆ ಅಥವಾ ಗಾಜಿಗೆ ಅಂಟು ಹಿಡಿದಿದೆ. ಒಂದೇ ದಿಕ್ಕಿನಲ್ಲಾದರೆ, ರಬ್ಬರ್ ಹೊಸದಿದ್ದರೆ, ಆರ್ಮ್ ತಿರುಚಿಕೊಂಡಿದೆ. ಹೊಸ ಬ್ಲೇಡ್ ಹಾಕಿಸಿಯೂ ಸದ್ದು ಹೋಗದವರಲ್ಲಿ ಬಹಳ ಜನರ ತೊಂದರೆ ಇದೇ. ಕಾರ್ ತೊಳೆಯುವವರು ಆರ್ಮನ್ನು ಒರಟಾಗಿ ಎತ್ತಿ ಬಿಡುವಾಗ ಅದು ತಿರುಚಿಕೊಳ್ಳುತ್ತದೆ.

ಊರೊಳಗೆ ಚೆನ್ನಾಗಿ ಒರೆಸಿ, ಹೆದ್ದಾರಿಯಲ್ಲಿ 80 ಕಿ.ಮೀ. ದಾಟಿದ ಮೇಲೆ ಬಿಟ್ಟುಬಿಟ್ಟು ಒರೆಸಿದರೆ ಗಾಳಿ ಬ್ಲೇಡನ್ನು ಎತ್ತುತ್ತಿದೆ, ಅಂದರೆ ಆರ್ಮಿನ ಸ್ಪ್ರಿಂಗ್ ಸೋತಿದೆ. ದಿಕ್ಕು ತಿರುಗುವಾಗ ‘ಟಪ್’ ಎಂಬ ಸಣ್ಣ ಸದ್ದು ರಬ್ಬರಿನದು. ‘ಠಕ್’ ಎಂದು ಗಟ್ಟಿಯಾಗಿ ಬಾನೆಟ್ಟಿನ ಹಿಂಭಾಗದಿಂದ ಬಂದರೆ ಅದು ಲಿಂಕೇಜಿನ ಕೀಲಿನಲ್ಲಿರುವ ನೈಲಾನ್ ಬುಷ್ ಸವೆದ ಸದ್ದು.

ಬ್ಲೇಡ್ ಬದಲಿಸುವುದು

ಹಳೆಯ ರಬ್ಬರಿನ ಉದ್ದವನ್ನು ತುದಿಯಿಂದ ತುದಿಗೆ ಟೇಪಿನಲ್ಲಿ ಅಳೆಯಿರಿ. 400 ಮಿ.ಮೀ. ಎಂದರೆ 16 ಇಂಚು, 450 ಎಂದರೆ 18, 500 ಎಂದರೆ 20, 550 ಎಂದರೆ 22, 600 ಎಂದರೆ 24, 650 ಎಂದರೆ 26. ಎರಡೂ ಬದಿಯದನ್ನು ಬೇರೆಬೇರೆಯಾಗಿ ಅಳೆಯಬೇಕು, ಚಾಲಕನ ಬದಿಯದು ಸಾಮಾನ್ಯವಾಗಿ ಉದ್ದ. ಉದ್ದದ್ದು ಹಾಕಿದರೆ ಹೆಚ್ಚು ಕಾಣುತ್ತದೆಂದು ಒಂದಿಂಚು ದೊಡ್ಡದು ಕೊಳ್ಳಬೇಡಿ. ಅದು ಗಾಜಿನ ಅಂಚಿನ ಪಿಲ್ಲರಿಗೋ ಪಕ್ಕದ ಬ್ಲೇಡಿಗೋ ಬಡಿಯುತ್ತದೆ. ಅಷ್ಟೇ ಅಲ್ಲ, ಅದೇ ಸ್ಪ್ರಿಂಗಿನ ಒತ್ತಡ ಹೆಚ್ಚು ಉದ್ದಕ್ಕೆ ಹಂಚಿಹೋಗುತ್ತದೆ.

ಆರ್ಮಿನ ತುದಿಯ ಆಕಾರ ನೋಡಿಕೊಂಡು ಅಂಗಡಿಗೆ ಹೋಗಿ. ನಮ್ಮಲ್ಲಿ ಓಡುವ ಹೆಚ್ಚಿನ ಕಾರುಗಳದ್ದು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಕೊಕ್ಕೆ. ಯುರೋಪಿನ ಕಂಪನಿಗಳ ಕಾರುಗಳಲ್ಲಿ ಗುಂಡಿ ಒತ್ತಿ ಎಳೆಯುವ ಬಗೆಯೂ, ಮೇಲಿನಿಂದ ಮುಚ್ಚಳ ಎತ್ತುವ ಬಗೆಯೂ ಇವೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿ ರಬ್ಬರ್ ಕೂಡ ಸಿಗುತ್ತದೆ. ಬ್ಲೇಡಿನ ಕಬ್ಬಿಣ ಗಟ್ಟಿಯಾಗಿದ್ದು, ಕೊಂಡಿಗಳು ಸಡಿಲವಾಗಿ ಆಡದಿದ್ದರೆ ರಬ್ಬರ್ ಮಾತ್ರ ಬದಲಿಸುವುದು ಒಳ್ಳೆಯದೇ.

ಕೊಕ್ಕೆಯ ಬಗೆಯನ್ನು ಬಿಚ್ಚುವ ಕ್ರಮ ಇದು:

1. ಮುಂಗಾಜಿನ ಮೇಲೆ ದಪ್ಪ ಟವೆಲ್ ಹಾಸಿ. ಬ್ಲೇಡಿಲ್ಲದ ಆರ್ಮ್ ಸ್ಪ್ರಿಂಗಿನ ರಭಸಕ್ಕೆ ಗಾಜಿಗೆ ಬಡಿದರೆ ಬಿರುಕು ಬಿಡಬಹುದು. ಮುಂಗಾಜು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಕೂಡಿಸಿದ್ದು, ಪುಡಿಯಾಗದೆ ಸೀಳುತ್ತದೆ. ಸೀಳು ಉದ್ದವಾದರೆ ಇಡೀ ಗಾಜು ಬದಲಿಸಬೇಕಾಗುತ್ತದೆ.
2. ಆರ್ಮ್ ಎತ್ತಿ ನಿಲ್ಲಿಸಿ. ಬಾನೆಟ್ಟಿನಡಿ ವೈಪರ್ ಅಡಗಿರುವ ಕಾರುಗಳಲ್ಲಿ ಮೊದಲು ಸರ್ವಿಸ್ ಸ್ಥಾನಕ್ಕೆ ತರಬೇಕು. ಇಗ್ನಿಷನ್ ಆಫ್ ಮಾಡಿದ ಕೂಡಲೇ ಸ್ಟಿಯರಿಂಗ್ ಪಕ್ಕದ ವೈಪರ್ ಕಡ್ಡಿಯನ್ನು ಒತ್ತಿದರೆ ಆರ್ಮ್ ಗಾಜಿನ ನಡುವೆ ಬಂದು ನಿಲ್ಲುವ ಏರ್ಪಾಡು ಹಲವು ಕಾರುಗಳಲ್ಲಿದೆ, ಕಾರಿನ ಕೈಪಿಡಿ ನೋಡಿ.
3. ಬ್ಲೇಡನ್ನು ಆರ್ಮಿಗೆ ಅಡ್ಡವಾಗಿ ತಿರುಗಿಸಿ, ಪ್ಲಾಸ್ಟಿಕ್ ನಾಲಗೆ ಒತ್ತಿ, ಆರ್ಮಿನ ಬುಡದ ಕಡೆಗೆ ಜಾರಿಸಿ. ಕೊಕ್ಕೆ ಬಿಟ್ಟುಕೊಳ್ಳುತ್ತದೆ.
4. ಹೊಸದನ್ನು ಬಿಚ್ಚಿದ್ದಕ್ಕೆ ತಿರುಗುಮುರುಗಾದ ಕ್ರಮದಲ್ಲಿ ಸೇರಿಸಿ, ‘ಕಟ್’ ಎಂದು ಕೂರುವವರೆಗೆ ಎಳೆಯಿರಿ. ಸದ್ದು ಕೇಳಿಸದಿದ್ದರೆ ಕೂತಿಲ್ಲ. ಓಡುವಾಗ ಬ್ಲೇಡ್ ಹಾರಿಹೋದರೆ ಕಬ್ಬಿಣದ ಆರ್ಮ್ ಗಾಜನ್ನು ಕಮಾನಿನಂತೆ ಗೀರುತ್ತದೆ.

ರಬ್ಬರ್ ಮಾತ್ರ ಬದಲಿಸುವವರು ಅದರ ಎರಡು ಬದಿಯ ಉಕ್ಕಿನ ಪಟ್ಟಿಗಳನ್ನು ಹಳೆಯದರಿಂದ ಜೋಪಾನವಾಗಿ ತೆಗೆದು, ಅವುಗಳ ಕಚ್ಚುಗಳು ರಬ್ಬರಿನ ಕಡೆಗೆ ಬರುವಂತೆ ಹೊಸದಕ್ಕೆ ಸೇರಿಸಬೇಕು. ಪಟ್ಟಿಗೆ ಬಾಗಿದ್ದರೆ ಹಳೆಯದರಲ್ಲಿದ್ದ ಕಡೆಗೇ ಬಾಗಿರಲಿ. ಒಂದು ಕೊಂಡಿ ತಪ್ಪಿದರೂ ಅಲ್ಲಿ ಒರೆಸುವುದಿಲ್ಲ.

ಆರ್ಮ್: ಒತ್ತಡ ಮತ್ತು ಕೋನ

ರಬ್ಬರಿನ ಪ್ರತಿ ಸೆಂಟಿಮೀಟರಿಗೆ ಸುಮಾರು 12ರಿಂದ 18 ಗ್ರಾಂ ಒತ್ತಡ ಬೇಕು. 60 ಸೆಂ.ಮೀ. ಬ್ಲೇಡಿಗೆ ಅದು 720 ಗ್ರಾಂನಿಂದ 1.1 ಕಿಲೋ ಆಸುಪಾಸು. ಅಳೆಯಲು ಸ್ಪ್ರಿಂಗ್ ತಕ್ಕಡಿ ಸಾಕು. ಬ್ಲೇಡ್ ಸೇರುವ ಜಾಗದಲ್ಲಿ ಆರ್ಮಿಗೆ ಕೊಕ್ಕೆ ಹಾಕಿ, ಗಾಜಿಗೆ ಲಂಬವಾಗಿ ಎಳೆದು, ರಬ್ಬರ್ ಗಾಜನ್ನು ಬಿಡುವ ಕ್ಷಣದ ಅಂಕಿ ಓದಿ. ಎರಡು ಆರ್ಮುಗಳಲ್ಲಿ ಒಂದು ತೀರಾ ಕಡಿಮೆ ತೋರಿಸಿದರೆ ಅದರ ಮಡಿಚುವ ಗೂಟಕ್ಕೆ ತುಕ್ಕು ಹಿಡಿದಿರಬಹುದು. ತುಕ್ಕು ಬಿಡಿಸುವ ಎಣ್ಣೆ ಎರಡು ಹನಿ ಬಿಟ್ಟು ಹತ್ತಾರು ಸಲ ಎತ್ತಿ ಇಳಿಸಿ, ಮತ್ತೆ ಅಳೆಯಿರಿ. ಎಣ್ಣೆ ಗಾಜಿಗೆ ಸಿಡಿಯದಂತೆ ಬಟ್ಟೆ ಹಿಡಿಯಿರಿ. ಆಗಲೂ ಏರದಿದ್ದರೆ ಆರ್ಮ್ ಬದಲಿಸಬೇಕು. ಸ್ಪ್ರಿಂಗನ್ನು ಕತ್ತರಿಸಿ ಬಿಗಿಮಾಡುವ ರಿಪೇರಿ ಬೇಡ. ಒತ್ತಡ ಮಿತಿಮೀರಿದರೆ ನಾಲಿಗೆ ಹೊರಳಲಾರದೆ ಮೋಟಾರಿಗೆ ಭಾರವಾಗುತ್ತದೆ.

ಕೋನ ನೋಡಲು, ವೈಪರ್ ಓಡುತ್ತಿರುವಾಗ ನಡುಹಾದಿಯಲ್ಲಿ ಇಗ್ನಿಷನ್ ಆಫ್ ಮಾಡಿ ನಿಲ್ಲಿಸಿ. ಬ್ಲೇಡ್ ಬಿಚ್ಚಿ, ಆರ್ಮಿನ ತುದಿಯ ಚಪ್ಪಟೆ ಭಾಗ ಅದರ ಕೆಳಗಿನ ಗಾಜಿಗೆ ಸಮಾಂತರವಾಗಿದೆಯೇ ಎಂದು ತುದಿಯ ಕಡೆಯಿಂದ ಕಣ್ಣಳತೆಯಲ್ಲಿ ನೋಡಿ. ಒಂದು ಬದಿಗೆ ವಾಲಿದ್ದರೆ ನಾಲಿಗೆ ಒಂದು ದಿಕ್ಕಿಗೆ ಸಲೀಸಾಗಿ ಬಾಗಿ, ಇನ್ನೊಂದು ದಿಕ್ಕಿನಲ್ಲಿ ಗಾಜಿಗೆ ಚುಚ್ಚಿಕೊಂಡು ಕುಪ್ಪಳಿಸುತ್ತದೆ. ಸರಿಮಾಡಲು ಬಟ್ಟೆ ಸುತ್ತಿದ ಎರಡು ಅಡ್ಜಸ್ಟಬಲ್ ಸ್ಪ್ಯಾನರ್ ಬೇಕು. ಒಂದರಲ್ಲಿ ಆರ್ಮನ್ನು ಅಲುಗದಂತೆ ಹಿಡಿದು, ತುದಿಯ ಹತ್ತಿರ ಇನ್ನೊಂದರಿಂದ ಒಂದೆರಡು ಡಿಗ್ರಿ ಮಾತ್ರ ತಿರುಚಿ. ಬ್ಲೇಡ್ ಹಾಕಿ, ನೀರು ಚಿಮುಕಿಸಿ ಓಡಿಸಿ ನೋಡಿ, ಬೇಕಾದರೆ ಮತ್ತೊಂದಿಷ್ಟು. ಅಲ್ಯೂಮಿನಿಯಂ ಎರಕದ ಆರ್ಮ್ ಆದರೆ ತಿರುಚಬೇಡಿ, ಮುರಿಯುತ್ತದೆ.

ಆರ್ಮ್ ಬಿಚ್ಚುವ ಮೊದಲು ವೈಪರನ್ನು ಒಮ್ಮೆ ಓಡಿಸಿ, ಸ್ವಿಚ್ ಆಫ್ ಮಾಡಿ, ತಾನಾಗಿ ಬಂದು ಮಲಗಲು ಬಿಡಿ. ಬ್ಲೇಡ್ ಮಲಗಿದ ಜಾಗದಲ್ಲಿ ಗಾಜಿಗೆ ಪೇಪರ್ ಟೇಪ್ ಅಂಟಿಸಿ ಗುರುತು ಮಾಡಿ. ಮುಚ್ಚಳ ತೆಗೆದರೆ ಕೆಳಗೆ ನಟ್ ಇರುತ್ತದೆ, ಅಳತೆ ಬಹಳಷ್ಟು ಕಾರುಗಳಲ್ಲಿ 13 ಅಥವಾ 14 ಮಿ.ಮೀ. ನಟ್ ಸಡಿಲಿಸಿ, ಪೂರ್ತಿ ತೆಗೆಯದೆ, ಆರ್ಮನ್ನು ಅಕ್ಕಪಕ್ಕ ಅಲುಗಾಡಿಸಿ. ಬರದಿದ್ದರೆ ಎಳೆದು ಬಿಡಿಸುವ ಸಣ್ಣ ಪುಲ್ಲರ್ ಹಾಕಿ, ಸುತ್ತಿಗೆಯಲ್ಲಿ ಹೊಡೆಯಬೇಡಿ. ಸ್ಪಿಂಡಲಿನ ಹಲ್ಲುಗಳಲ್ಲಿ ಬಿಳಿ ಪುಡಿ ತುಂಬಿದ್ದರೆ ತಂತಿ ಬ್ರಷ್‌ನಿಂದ ತೆಗೆಯಿರಿ. ಮರಳಿ ಕೂರಿಸುವಾಗ ಟೇಪಿನ ಗುರುತಿಗೆ ಹೊಂದಿಸಿ ಸುಮಾರು 20 ನ್ಯೂಟನ್ ಮೀಟರ್ ಬಿಗಿ ಸಾಕು, ನಿಮ್ಮ ಕಾರಿನ ಅಂಕಿ ಗೊತ್ತಿದ್ದರೆ ಅದನ್ನೇ ಪಾಲಿಸಿ. ಒಂದು ಬ್ಲೇಡ್ ಓಡಿ ಇನ್ನೊಂದು ನಿಂತಿದ್ದರೆ ಮೊದಲು ನೋಡಬೇಕಾದ್ದು ಈ ನಟ್ಟನ್ನೇ. ನಟ್ ಸಡಿಲವಾದರೆ ಸ್ಪಿಂಡಲ್ ಒಳಗೆ ತಿರುಗುತ್ತದೆ, ಆರ್ಮ್ ಅಲುಗುವುದಿಲ್ಲ.

ಲಿಂಕೇಜ್ ಮತ್ತು ಎಲೆಗಳ ಕಸ

ಮೋಟಾರಿನ ತಿರುಗಾಟವನ್ನು ಅತ್ತಿತ್ತ ಬೀಸಾಗಿ ಬದಲಿಸುವುದು ಲಿಂಕೇಜ್. ಮೋಟಾರಿನ ಕ್ರ್ಯಾಂಕ್ ಪೂರ್ತಿ ಸುತ್ತುತ್ತದೆ, ಅದಕ್ಕೆ ಕೂಡಿಸಿದ ಸರಳು ಸ್ಪಿಂಡಲಿನ ಕೈಯನ್ನು ನೂಕಿ ಎಳೆಯುತ್ತದೆ, ಇನ್ನೊಂದು ಸರಳು ಅದೇ ಚಲನೆಯನ್ನು ಎರಡನೆಯ ಸ್ಪಿಂಡಲಿಗೆ ಒಯ್ಯುತ್ತದೆ. ಒಂದೇ ವೈಪರ್ ಇದ್ದ ಟಾಟಾ ನ್ಯಾನೋದಲ್ಲಿ ಎರಡನೆಯ ಸ್ಪಿಂಡಲಿನ ಗೊಡವೆಯೇ ಇರಲಿಲ್ಲ. ಸರಳುಗಳ ಕೀಲು ಉಕ್ಕಿನ ಗುಂಡು ಮತ್ತು ಅದನ್ನು ಕಚ್ಚಿ ಹಿಡಿಯುವ ನೈಲಾನ್ ಬುಷ್. ಬುಷ್ ಸವೆದರೆ ಬ್ಲೇಡ್ ಕೊನೆಯಲ್ಲಿ ಒಂದೆರಡು ಸೆಂ.ಮೀ. ಹೆಚ್ಚು ಓಡಿ ಪಿಲ್ಲರಿಗೆ ಬಡಿಯುತ್ತದೆ. ಇನ್ನೂ ಸವೆದರೆ ಕೀಲು ಕಳಚಿ, ಮೋಟಾರ್ ಸದ್ದು ಬರುತ್ತದೆ, ಬ್ಲೇಡ್ ಏಳುವುದಿಲ್ಲ.

ನೋಡಬೇಕಾದರೆ ಗಾಜಿನ ಬುಡದ ಪ್ಲಾಸ್ಟಿಕ್ ಹಲಗೆ ಬಿಚ್ಚಬೇಕು. ಅದಕ್ಕೂ ಮೊದಲು ಬ್ಯಾಟರಿಯ ಮೈನಸ್ ತಂತಿ ಕಳಚಿ. ಗೇರಿನ ಬಲದಿಂದ ಸುತ್ತುವ ಕ್ರ್ಯಾಂಕಿಗೆ ಬೆರಳು ಸಿಕ್ಕರೆ ಮೂಳೆ ಉಳಿಯುವುದಿಲ್ಲ, ಮಳೆ ಸೆನ್ಸರ್ ಇರುವ ಕಾರಿನಲ್ಲಿ ಯಾರೂ ಸ್ವಿಚ್ ಮುಟ್ಟದೆಯೂ ವೈಪರ್ ಓಡೀತು. ಕಳಚಿದ ಕೀಲನ್ನು ಸ್ವಚ್ಛಮಾಡಿ, ಗ್ರೀಸ್ ಹಚ್ಚಿ ಒತ್ತಿದರೆ ಮತ್ತೆ ಕೂರುತ್ತದೆ. ಆದರೆ ಸಡಿಲ ಬುಷ್ ಮತ್ತೆ ಬಿಟ್ಟೇ ಬಿಡುತ್ತದೆ, ಹೊಸ ಬುಷ್ ತರುವವರೆಗಿನ ವ್ಯವಸ್ಥೆ ಮಾತ್ರ ಅದು.

ವೈಪರ್ ದಿನೇ ದಿನೇ ನಿಧಾನವಾಗುತ್ತಿದ್ದರೆ ಸ್ಪಿಂಡಲ್ ತನ್ನ ಕೊಳವೆಯಲ್ಲಿ ತುಕ್ಕು ಹಿಡಿದು ಬಿಗಿಯಾಗಿದೆಯೇ ನೋಡಿ. ಸರಳನ್ನು ಕ್ರ್ಯಾಂಕಿನಿಂದ ಕಳಚಿ ಸ್ಪಿಂಡಲನ್ನು ಕೈಯಲ್ಲಿ ತಿರುಗಿಸಿ, ಎರಡು ಬೆರಳಿಗೆ ತಿರುಗಬೇಕು. ತಿರುಗದಿದ್ದರೆ ಲಾಕ್ ರಿಂಗ್ ತೆಗೆದು ಸ್ಪಿಂಡಲ್ ಹೊರಗೆಳೆದು, ನಯವಾದ ಮರಳು ಕಾಗದದಲ್ಲಿ ತುಕ್ಕು ತೆಗೆದು, ಲಿಥಿಯಂ ಗ್ರೀಸ್ ಹಾಕಿ ಕೂರಿಸಿ. ಇದನ್ನು ನೋಡದೆ ಹೊಸ ಮೋಟಾರ್ ಹಾಕಿದರೆ ಅದೂ ಸುಡುತ್ತದೆ.

ಹಲಗೆ ಬಿಚ್ಚಿದಾಗ ಇನ್ನೊಂದು ಕೆಲಸ ಮರೆಯಬೇಡಿ. ಮರದಡಿ ನಿಲ್ಲುವ ಕಾರಿನಲ್ಲಿ ಅಲ್ಲಿ ಎಲೆ, ಹೂವು, ಮಣ್ಣು ಸೇರಿ ಗೊಬ್ಬರವೇ ಆಗಿರುತ್ತದೆ. ಎರಡು ಬದಿಯ ನೀರಿಳಿಯುವ ರಂಧ್ರಗಳು ಮುಚ್ಚಿದರೆ ಮಳೆನೀರು ನಿಂತು ಮೋಟಾರಿನ ಗೇರುಪೆಟ್ಟಿಗೆ, ಕನೆಕ್ಟರ್ ಮುಳುಗುತ್ತವೆ. ವೈಪರ್ ಮೋಟಾರ್ ಸಾಯಲು ದೊಡ್ಡ ಕಾರಣ ಇದು. ಕೈಯಲ್ಲಿ ಕಸ ತೆಗೆದು, ಒಂದು ಚೊಂಬು ನೀರು ಸುರಿದು ಚಕ್ರದ ಬಳಿ ಕೆಳಗಿಳಿಯುವುದನ್ನು ನೋಡಿ.

ಮೋಟಾರ್ ಮತ್ತು ವಿದ್ಯುತ್

ಮೇರಿ ಆಂಡರ್ಸನ್ 1903ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ವೈಪರನ್ನು ಒಳಗಿನಿಂದ ಕೈಹಿಡಿ ಎಳೆದು ಓಡಿಸಬೇಕಿತ್ತು. ಈಗಿನದು 12 ವೋಲ್ಟಿನ, ಶಾಶ್ವತ ಅಯಸ್ಕಾಂತದ ಮೋಟಾರ್. ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತುವ ಅಕ್ಷವನ್ನು ವರ್ಮ್ ಗೇರ್ ಐವತ್ತರಲ್ಲೊಂದು ಪಾಲಿಗೆ ಇಳಿಸಿ ಬಲ ಹೆಚ್ಚಿಸುತ್ತದೆ. ಒಳಗೆ ಮೂರು ಕಾರ್ಬನ್ ಬ್ರಷ್‌ಗಳಿವೆ: ಒಂದು ಎರಡೂ ವೇಗಕ್ಕೆ ಸಾಮಾನ್ಯವಾದದ್ದು, ಅದಕ್ಕೆ ನೇರ ಎದುರಿನದು ನಿಧಾನಕ್ಕೆ, ಪಕ್ಕಕ್ಕೆ ಸರಿದದ್ದು ವೇಗಕ್ಕೆ. ಸರಿದ ಬ್ರಷ್‌ಗೆ ವಿದ್ಯುತ್ ಕೊಟ್ಟಾಗ ಎದುರು ವೋಲ್ಟೇಜ್ ಹುಟ್ಟಿಸುವ ಸುರುಳಿಗಳು ಕಡಿಮೆಯಾಗಿ ಮೋಟಾರ್ ಜೋರಾಗಿ ಸುತ್ತುತ್ತದೆ, ಬಲ ಕುಗ್ಗುತ್ತದೆ. ಗಾಜಿನ ಮೇಲೆ ಕೆಸರು ಕೂತಾಗ ಜೋರಿನ ವೇಗಕ್ಕೆ ಹಾಕಿ ಪ್ರಯೋಜನವಿಲ್ಲ, ನೀರು ಬಿಟ್ಟು ನಿಧಾನದಲ್ಲೇ ಒರೆಸಿ.

ಆಫ್ ಮಾಡಿದ ಮೇಲೂ ವೈಪರ್ ತನ್ನ ಜಾಗಕ್ಕೆ ಬಂದು ಮಲಗುವುದು ಗೇರಿನ ಮೇಲಿನ ಪಾರ್ಕ್ ಸ್ವಿಚ್‌ನಿಂದ. ನೀವು ಆಫ್ ಮಾಡಿದರೂ ಈ ಸ್ವಿಚ್ ಮೂಲಕ ನಿಧಾನದ ಬ್ರಷ್‌ಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಗೇರು ಪಾರ್ಕ್ ಸ್ಥಾನಕ್ಕೆ ಬಂದಾಗ ಸಂಪರ್ಕ ತಪ್ಪಿ, ಅದೇ ತಂತಿ ಅರ್ತಿಗೆ (ಕಾರಿನ ಲೋಹದ ಮೈಗೆ) ಸೇರುತ್ತದೆ. ಸುತ್ತುತ್ತಿರುವ ಮೋಟಾರ್ ಆಗ ತನ್ನದೇ ವಿದ್ಯುತ್ತಿನಿಂದ ಬ್ರೇಕ್ ಹಾಕಿಕೊಂಡು ಅಲ್ಲೇ ನಿಲ್ಲುತ್ತದೆ. ಇದಿಷ್ಟು ಅರ್ಥವಾದರೆ ಅರ್ಧ ದೋಷಗಳು ಕೂತಲ್ಲೇ ತಿಳಿಯುತ್ತವೆ. ಆಫ್ ಮಾಡಿದ ಜಾಗದಲ್ಲೇ ನಿಂತುಬಿಟ್ಟರೆ ಪಾರ್ಕ್ ಸ್ವಿಚ್‌ನ ತಗಡು ಕೊಳೆಯಾಗಿದೆ ಅಥವಾ ಅದಕ್ಕೆ ಬರುವ 12 ವೋಲ್ಟ್ ತಪ್ಪಿದೆ. ನಿಲ್ಲದೆ ಓಡುತ್ತಲೇ ಇದ್ದರೆ ಆ ತಗಡು ಅಥವಾ ರಿಲೇ (ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ಸ್ವಿಚ್) ಅಂಟಿಕೊಂಡಿದೆ. ನಿಧಾನ ವೇಗವೂ ಇಲ್ಲ, ಪಾರ್ಕ್ ಕೂಡ ಇಲ್ಲ, ಜೋರು ಮಾತ್ರ ಇದೆ ಎಂದರೆ ನಿಧಾನದ ಬ್ರಷ್ ಸವೆದಿದೆ. ಬಿಟ್ಟುಬಿಟ್ಟು ಓಡುವುದೊಂದೇ ಇಲ್ಲದಿದ್ದರೆ ಮೋಟಾರ್ ಮುಟ್ಟಬೇಡಿ, ತಪ್ಪು ರಿಲೇ ಅಥವಾ ಕಡ್ಡಿ ಸ್ವಿಚ್‌ನದು.

ಪೂರ್ತಿ ಓಡದಿದ್ದರೆ ಮೊದಲು ಫ್ಯೂಸ್ ನೋಡಿ. ಹೊಸ ಫ್ಯೂಸ್ ಕೂಡಲೇ ಸುಟ್ಟರೆ ದೊಡ್ಡದು ಹಾಕಬೇಡಿ, ಎಲ್ಲೋ ಬಿಗಿದಿದೆ ಅಥವಾ ಶಾರ್ಟ್ ಆಗಿದೆ. ಒದ್ದೆ ಗಾಜಿನಲ್ಲಿ ಕೆಲವೇ ಆಂಪಿಯರ್ ಎಳೆಯುವ ಮೋಟಾರ್ ಸಿಕ್ಕಿಕೊಂಡಾಗ ಅದರ ಹಲವು ಪಟ್ಟು ಎಳೆಯುತ್ತದೆ. ಬಹಳ ಮೋಟಾರುಗಳಲ್ಲಿ ಬಿಸಿಯಾದಾಗ ತಾನೇ ಕಡಿದುಕೊಳ್ಳುವ ಸ್ವಿಚ್ ಇರುತ್ತದೆ. ಓಡಿ ನಿಂತು, ಕೆಲವು ನಿಮಿಷದ ಮೇಲೆ ತಾನಾಗಿ ಓಡಿದರೆ ಅದೇ ಕೆಲಸ ಮಾಡಿದೆ, ಲಿಂಕೇಜ್ ಬಿಗಿಯಿದೆ ಎಂದು ತಿಳಿಯಿರಿ.

ಫ್ಯೂಸ್ ಸರಿಯಿದ್ದರೆ ಎಂಜಿನ್ ಓಡುತ್ತಿರುವಾಗ, ಸ್ವಿಚ್ ಹಾಕಿ, ಮೋಟಾರಿನ ಕನೆಕ್ಟರಿನಲ್ಲಿ ಮಲ್ಟಿಮೀಟರ್ ಹಿಡಿಯಿರಿ. ಬ್ಯಾಟರಿಯಲ್ಲಿ 14 ವೋಲ್ಟಿನಷ್ಟಿದ್ದು ಇಲ್ಲಿ 12ಕ್ಕಿಂತ ಕೆಳಗಿದ್ದರೆ ತಂತಿಯಲ್ಲೋ ಸ್ವಿಚ್‌ನಲ್ಲೋ ನಷ್ಟವಾಗುತ್ತಿದೆ. ಮೋಟಾರಿನ ಅರ್ತಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತಿನ ಬೋಲ್ಟ್ ಬಿಚ್ಚಿ ಉಜ್ಜಿ ಬಿಗಿಮಾಡಿ. ಮೀಟರ್ ಇಲ್ಲದವರು ಗಡಿಯಾರ ಹಿಡಿದು ಎಣಿಸಬಹುದು. ಅಮೆರಿಕದ ವಾಹನ ಸುರಕ್ಷತಾ ನಿಯಮ ಎಫ್‌ಎಂವಿಎಸ್‌ಎಸ್ 104 ಜೋರು ವೇಗಕ್ಕೆ ನಿಮಿಷಕ್ಕೆ ಕನಿಷ್ಠ 45 ಸಲ, ನಿಧಾನಕ್ಕೆ ಕನಿಷ್ಠ 20 ಸಲ, ಎರಡರ ನಡುವೆ ಕನಿಷ್ಠ 15ರ ಅಂತರ ಕೇಳುತ್ತದೆ. ಒದ್ದೆ ಗಾಜಿನಲ್ಲಿ ನಿಮ್ಮದು ಜೋರಿನಲ್ಲೂ 45 ಮುಟ್ಟದಿದ್ದರೆ ಹುಡುಕಬೇಕಾದ ದೋಷ ಇದೆ. ಮೋಟಾರಿಗೆ ಬ್ಯಾಟರಿಯಿಂದ ನೇರ ತಂತಿ ಕೊಟ್ಟು ಪರೀಕ್ಷಿಸುವುದಾದರೆ ನಡುವೆ 15 ಆಂಪಿಯರ್ ಫ್ಯೂಸ್ ಇರಲಿ. ಎಲೆಕ್ಟ್ರಾನಿಕ್ ನಿಯಂತ್ರಣ ಒಳಗೇ ಇರುವ ಹೊಸ ಬಗೆಯ ಮೋಟಾರಿಗೆ ಮಾತ್ರ ನೇರ ವಿದ್ಯುತ್ ಕೊಡಬೇಡಿ.

ವಾಷರ್

ಗಾಜಿಗೆ ನೀರು ಚಿಮ್ಮಿಸುವುದು ವಾಷರ್. ನೀರು ಬರದಿದ್ದರೆ ಪಂಪಿನ ಸದ್ದು ಕೇಳಿ. ಸದ್ದಿದ್ದು ನೀರಿಲ್ಲದಿದ್ದರೆ ಕೊಳವೆ ಬಿಟ್ಟಿದೆ ಅಥವಾ ನಾಜಲ್ ಕಟ್ಟಿದೆ. ನಾಜಲ್ ಹತ್ತಿರ ಕೊಳವೆ ಬಿಡಿಸಿ ಒತ್ತಿ ನೋಡಿ, ಯಾವುದೆಂದು ಗೊತ್ತಾಗುತ್ತದೆ. ಬೋರ್‌ವೆಲ್ ನೀರಿನ ಸುಣ್ಣವೇ ನಾಜಲ್ ಕಟ್ಟಿಸುವುದು, ಆದ್ದರಿಂದ ಟ್ಯಾಂಕಿಗೆ ಆರ್‌ಒ ನೀರು ಅಥವಾ ಮಳೆನೀರು ಸೋಸಿ ಹಾಕಿ. ವಾಷರ್ ದ್ರಾವಣವನ್ನು ಅದರ ಚೀಟಿಯಲ್ಲಿ ಹೇಳಿದಷ್ಟೇ ಬೆರೆಸಿ. ಬಟ್ಟೆ ತೊಳೆಯುವ ಪುಡಿ ಬೇಡ, ನೊರೆ ಮತ್ತು ಕರಗದ ಪುಡಿ ಎರಡೂ ಕಾಟ. ಸೂಜಿಯಿಂದ ನಾಜಲಿನ ಗುಂಡು ತಿರುಗಿಸಿ, ನೀರು ಬ್ಲೇಡ್ ಒರೆಸುವ ಪ್ರದೇಶದ ನಡುವಿಗಿಂತ ತುಸು ಮೇಲೆ ಬೀಳುವಂತೆ ಹೊಂದಿಸಿ. ಓಡುವಾಗ ಗಾಳಿ ಅದನ್ನು ಕೆಳಗೆ ಒತ್ತುತ್ತದೆ. ಬೀಸಣಿಗೆಯಂತೆ ಹರಡುವ ನಾಜಲಿಗೆ ಸೂಜಿ ಹಾಕಬೇಡಿ. ಬಟನ್ ಒತ್ತಿ ಎರಡು ಮೂರು ಸೆಕೆಂಡ್ ಆದಮೇಲೆ ನೀರು ಬಂದರೆ ಕೊಳವೆಯ ನಡುವಿನ ಏಕಮುಖ ವಾಲ್ವ್ ಸೋರಿ ನೀರು ಟ್ಯಾಂಕಿಗೆ ವಾಪಸಾಗುತ್ತಿದೆ. ಟ್ಯಾಂಕ್ ಖಾಲಿಯಿರುವಾಗ ಪಂಪ್ ಓಡಿಸಬೇಡಿ. ಹಿಮ ಬೀಳುವ ದೇಶದಲ್ಲಿರುವವರು ಅಲ್ಲಿನ ಚಳಿಗೆ ಹೆಪ್ಪುಗಟ್ಟದ ದ್ರಾವಣವನ್ನೇ ಹಾಕಬೇಕು, ಬರೀ ನೀರು ಟ್ಯಾಂಕನ್ನು ಒಡೆದೀತು.

ಮಳೆ ಸೆನ್ಸರ್ ಇರುವ ಕಾರಿನಲ್ಲಿ ಕನ್ನಡಿಯ ಹಿಂದಿನ ಪುಟ್ಟ ಪೆಟ್ಟಿಗೆ ಗಾಜಿನೊಳಕ್ಕೆ ಅವಕೆಂಪು ಬೆಳಕು ಬಿಡುತ್ತದೆ. ಹೊರಗೆ ಗಾಜು ಒಣಗಿದ್ದರೆ ಬೆಳಕು ಪೂರ್ತಿ ಪ್ರತಿಫಲಿಸಿ ಮರಳುತ್ತದೆ, ಹನಿ ಬಿದ್ದಲ್ಲಿ ಒಂದಿಷ್ಟು ಹೊರಗೆ ಸೋರುತ್ತದೆ. ಆ ಕೊರತೆಯನ್ನು ನೋಡಿ ವೈಪರ್ ಓಡುತ್ತದೆ. ಗಾಜು ಬದಲಿಸಿದ ಮೇಲೆ ಸೆನ್ಸರ್ ಹುಚ್ಚುಹುಚ್ಚಾಗಿ ಓಡಿಸಿದರೆ ಸೆನ್ಸರಿಗೂ ಗಾಜಿಗೂ ನಡುವಿನ ಜೆಲ್‌ನಲ್ಲಿ ಗಾಳಿಗುಳ್ಳೆ ಸೇರಿದೆ, ಹೊಸ ಜೆಲ್ ಹಾಕಿಸಿ. ಕಾರ್ ತೊಳೆಯುವ ಮುನ್ನ ಆಟೋ ಆಫ್ ಮಾಡಿ.

ಘಾಟಿಯಲ್ಲಿ ನಿಂತುಹೋದರೆ

ಶಿರಾಡಿಯಲ್ಲೋ ಆಗುಂಬೆಯಲ್ಲೋ ಸುರಿಮಳೆಯಲ್ಲಿ ವೈಪರ್ ನಿಂತರೆ ತಿರುವು ದಾಟಿ ಅಗಲವಾದ ಜಾಗದಲ್ಲಿ ಎಡಕ್ಕೆ ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ. ಚಾಲಕನ ಬದಿಯ ಬ್ಲೇಡ್ ಹರಿದಿದ್ದರೆ ಪಕ್ಕದ ಬದಿಯದನ್ನು ಬಿಚ್ಚಿ ಅಲ್ಲಿಗೆ ಹಾಕಿ. ತುಸು ಗಿಡ್ಡವಾದರೂ ಕೊಕ್ಕೆ ಒಂದೇ ಬಗೆಯದಾದರೆ ಕೂರುತ್ತದೆ. ಬರಿದಾದ ಆರ್ಮಿಗೆ ಬಟ್ಟೆ ದಪ್ಪಗೆ ಸುತ್ತಿ ಬಿಗಿಯಾಗಿ ಕಟ್ಟಿ. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರಿನ, ಸದ್ಯಕ್ಕೆ ಬೇಡದ ಕೆಲಸದ ಫ್ಯೂಸ್ ತೆಗೆದು ಹಾಕಿ. ಮೋಟಾರೇ ಹೋಗಿದ್ದರೆ ಲಾರಿ ಚಾಲಕರ ಹಳೆಯ ಉಪಾಯವೊಂದಿದೆ. ಹೆಚ್ಚಿದ ಆಲೂಗಡ್ಡೆಯನ್ನೋ ನೆನೆಸಿದ ಹೊಗೆಸೊಪ್ಪನ್ನೋ ಗಾಜಿನ ಹೊರಮೈಗೆ ಉಜ್ಜಿದರೆ ನೀರು ಹನಿಗಟ್ಟದೆ ಹಾಳೆಯಾಗಿ ಹರಿಯುತ್ತದೆ. ನಿಧಾನವಾಗಿ ಹತ್ತಿರದ ಊರು ಸೇರಲು ಅಷ್ಟು ಸಾಕಾಗಬಹುದು, ಅದೂ ಹಗಲಿನಲ್ಲಿ, ಸಣ್ಣ ಮಳೆಯಲ್ಲಿ ಮಾತ್ರ. ರಾತ್ರಿಯಾಗಿದ್ದರೆ ಎದುರಿನ ದೀಪಗಳಲ್ಲಿ ಏನೂ ಕಾಣುವುದಿಲ್ಲ, ಮಳೆ ಇಳಿಯುವವರೆಗೆ ಗಾಡಿ ತೆಗೆಯಬೇಡಿ.